ಪಂಚಾಯಿತಿ ಕಟ್ಟಡದಿಂದ ಮನೆಯ ಹೊಸ್ತಿಲಿಗೆ: ಬ್ರಾಡ್‌ಬ್ಯಾಂಡ್ ಮತ್ತು ರಾಜ್ಯ ಸರ್ಕಾರದ ಹೊಣೆ

(ಅಧ್ಯಕ್ಷ ಭಾಷಣ)



ಸಾರ್ವಜನಿಕ ಮೂಲಸೌಕರ್ಯ ಎಂಬ ಮಾತಿಗೆ ಕರ್ನಾಟಕದಲ್ಲಿ ಬಹುಕಾಲ ಕೆರೆ, ಕಾಲುವೆ, ರಸ್ತೆ, ಸೇತುವೆ, ವಿದ್ಯುತ್ತು ಎಂಬಷ್ಟೇ ಅರ್ಥವಿತ್ತು. ಕಳೆದ ಎರಡೂವರೆ ದಶಕಗಳಲ್ಲಿ ಪಹಣಿಯಿಂದ ಪಡಿತರದವರೆಗೆ ಸರ್ಕಾರದ ಬಹುಪಾಲು ಸೇವೆಗಳು ಕಂಪ್ಯೂಟರ್ ಜಾಲವನ್ನೇ ನೆಚ್ಚಿಕೊಂಡ ಮೇಲೆ ಆ ಪಟ್ಟಿಗೆ ಬ್ರಾಡ್‌ಬ್ಯಾಂಡ್ ಕೂಡ ಸೇರಿತು. ರಾಜ್ಯ ಸರ್ಕಾರ ಇದಕ್ಕಾಗಿ ಎಷ್ಟು ಹಣ ತೊಡಗಿಸಬೇಕು, ಯಾವುದರ ಮೇಲೆ ತೊಡಗಿಸಬೇಕು, ಅದರ ಫಲವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬ ಮೂರು ಪ್ರಶ್ನೆಗಳು ಈ ಸಮ್ಮೇಳನದ ಮುಂದಿವೆ. ಈ ಭಾಷಣದ ನಿಲುವು ಇಷ್ಟು: ಪಂಚಾಯಿತಿ ಕಟ್ಟಡದವರೆಗೆ ತಂತಿ ಬಂದಾಗ ಕೆಲಸ ಅರ್ಧ ಮಾತ್ರ ಮುಗಿದಿರುತ್ತದೆ, ಅಲ್ಲಿಂದ ಮನೆಯವರೆಗಿನ ದಾರಿ ಮತ್ತು ಇಡೀ ಜಾಲದ ಪಾಲನೆ ಎಂಬ ಉಳಿದರ್ಧ, ಸಂವಿಧಾನ ರಾಜ್ಯಗಳ ಕೈಗೆ ಕೊಟ್ಟಿರುವ ಅಧಿಕಾರಗಳೊಂದಿಗೇ ಹೆಣೆದುಕೊಂಡಿದೆ.

ಮೊದಲು ಪದಗಳ ಅರ್ಥ ಸ್ಪಷ್ಟವಾಗಬೇಕು. ಬ್ರಾಡ್‌ಬ್ಯಾಂಡ್ ಎಂದರೆ ಸದಾ ಜೋಡಣೆಯಲ್ಲಿರುವ, ಗೊತ್ತುಪಡಿಸಿದ ಕನಿಷ್ಠ ವೇಗವುಳ್ಳ ಇಂಟರ್ನೆಟ್ ಸಂಪರ್ಕ. ಆ ಕನಿಷ್ಠ ವೇಗವನ್ನು ಕೇಂದ್ರ ಸರ್ಕಾರ 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಎಂದು ಇರಿಸಿತ್ತು. 2023ರಲ್ಲಿ ಅದನ್ನು 2 ಮೆಗಾಬಿಟ್‌ಗೆ, ಎಂದರೆ 2004ರ ಮಟ್ಟದ ಸುಮಾರು ಎಂಟು ಪಟ್ಟಿಗೆ, ಏರಿಸಲಾಯಿತು. ಆಪ್ಟಿಕಲ್ ಫೈಬರ್ ಎಂಬುದು ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆ; ಮಾಹಿತಿ ಅದರೊಳಗೆ ಬೆಳಕಿನ ಮಿಡಿತಗಳಾಗಿ ಸಾಗುತ್ತದೆ. ಮೊಬೈಲ್ ಫೋನಿಗೆ ತಂತಿ ಬೇಡ ಎಂಬ ಭಾವನೆ ಸಾಮಾನ್ಯವಾಗಿದ್ದರೂ ಫೈಬರ್ ಜೋಡಣೆಯ ಗೋಪುರದಿಂದ ಫೋನಿನವರೆಗಿನ ಕೊನೆಯ ತುಂಡಷ್ಟೇ ಗಾಳಿಯಲ್ಲಿ ಸಾಗುವುದು. ಗೋಪುರದ ಹಿಂದೆ ಫೈಬರ್ ಇಲ್ಲದಿದ್ದರೆ ಫೋನಿನಲ್ಲಿ ಸಿಗ್ನಲ್ ಕಾಣಿಸಿದರೂ ವೇಗ ಸಾಲದೆ ಹೋಗಬಹುದು.

ಸಂಪರ್ಕ ವ್ಯವಸ್ಥೆಯಲ್ಲಿ ರಾಜ್ಯವೇ ಹಣ ತೊಡಗಿಸುವುದು ಈ ನೆಲಕ್ಕೆ ಹೊಸದೇನಲ್ಲ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ರೂಪುಗೊಂಡ ಮೈಸೂರು ಅಂಚೆ, 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಂದಿಗೆ ವಿಲೀನವಾಗುವವರೆಗೂ ಸಂಸ್ಥಾನದ ಸ್ವಂತ ವ್ಯವಸ್ಥೆಯಾಗಿತ್ತು. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಸ್ವಂತ ಆಸಕ್ತಿಯಿಂದ ಆರಂಭಿಸಿದ ರೇಡಿಯೊ ಕೇಂದ್ರವೂ ಮುಂದೆ ಸಂಸ್ಥಾನದ ಆಶ್ರಯಕ್ಕೆ ಬಂದಿತು. ಆದರೆ ಇಂದಿನ ಚರ್ಚೆಗೆ ಇವೆರಡಕ್ಕಿಂತ ಹತ್ತಿರದ ಪಾಠವಿರುವುದು ವಿದ್ಯುತ್ತಿನ ಚರಿತ್ರೆಯಲ್ಲಿ. ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿಗೆ ಅದು ಬಂದದ್ದು 1905ರಲ್ಲಿ. ಹಳ್ಳಿಗಳು ಇನ್ನೂ ಹಲವು ದಶಕ ಕಾದವು. ದೊಡ್ಡ ಮೊತ್ತ ಕೊಟ್ಟು ಕೊಳ್ಳುವ ಗಿರಾಕಿಯೊಬ್ಬ ಇದ್ದುದರಿಂದ ಯೋಜನೆ ತನ್ನ ಕಾಲಮೇಲೆ ನಿಂತಿತು. ಆದರೆ ಊರಿಗೆ ಕಂಬ ಬಂದ ಮೇಲೂ ಬಡವರ ಗುಡಿಸಲಿನಲ್ಲಿ ದೀಪ ತಾನಾಗಿ ಹತ್ತಿಕೊಳ್ಳಲಿಲ್ಲ, ಅದಕ್ಕೆ ಭಾಗ್ಯಜ್ಯೋತಿಯಂಥ ಪ್ರತ್ಯೇಕ ಯೋಜನೆಯನ್ನೇ ಸರ್ಕಾರ ತರಬೇಕಾಯಿತು. ಬೆಳಕಿನ ಎಳೆಯ ವಿಷಯದಲ್ಲಿ ಕರ್ನಾಟಕ ಈಗ ನಿಂತಿರುವುದು ಕಂಬ ಬಂದು ದೀಪ ಬಾರದ ಆ ನಡುಘಟ್ಟದಲ್ಲಿ.

ದೂರಸಂಪರ್ಕ ಕೇಂದ್ರದ ವಿಷಯವಾದ್ದರಿಂದ ರಾಜ್ಯಕ್ಕೆ ಇಲ್ಲಿ ಪಾತ್ರವಿಲ್ಲ ಎಂಬ ವಾದ ಆಗಾಗ ಕೇಳಿಬರುತ್ತದೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಅಂಚೆ, ತಂತಿ, ದೂರವಾಣಿ, ನಿಸ್ತಂತು ಮತ್ತು ಪ್ರಸಾರಗಳು ಕೇಂದ್ರ ಪಟ್ಟಿಯ 31ನೆಯ ಬಾಬಿನಲ್ಲಿ ಇರುವುದು ನಿಜ. ಅದೇ ಅನುಸೂಚಿಯಲ್ಲಿ ರಸ್ತೆ ಮತ್ತು ಸೇತುವೆಗಳು ರಾಜ್ಯ ಪಟ್ಟಿಯ 13ನೆಯ ಬಾಬಿನಲ್ಲಿಯೂ ಸ್ಥಳೀಯ ಸರ್ಕಾರ 5ನೆಯ ಬಾಬಿನಲ್ಲಿಯೂ ವಿದ್ಯುತ್ತು ಸಮವರ್ತಿ ಪಟ್ಟಿಯ 38ನೆಯ ಬಾಬಿನಲ್ಲಿಯೂ ಇವೆ. ತಂತಿ ಹೂಳುವುದು ರಸ್ತೆಯ ಬದಿಯಲ್ಲಿ, ಎಳೆಯುವುದು ವಿದ್ಯುತ್ ಕಂಬದ ಮೇಲೆ, ತಲುಪುವುದು ಪಂಚಾಯಿತಿ ಕಟ್ಟಡಕ್ಕೆ. ಹೀಗೆ ಸಂಕೇತಕ್ಕೆ ಪರವಾನಗಿ ಕೊಡುವುದು ಕೇಂದ್ರವಾದರೆ ಆ ಸಂಕೇತ ಸಾಗುವ ನೆಲ, ಕಂಬ, ಕಟ್ಟಡಗಳ ಮೇಲೆ ಹೆಚ್ಚಿನ ಅಧಿಕಾರವಿರುವುದು ರಾಜ್ಯಕ್ಕೆ. ಫೈಬರ್ ಜಾಲದ ವೆಚ್ಚದಲ್ಲಿ ದೊಡ್ಡ ಪಾಲು ಗಾಜಿನ ಎಳೆಯದಲ್ಲ, ನೆಲ ಅಗೆದು ಮುಚ್ಚುವುದರದು ಎಂಬುದನ್ನು ಗಮನಿಸಿದರೆ ರಾಜ್ಯದ ಕೈಯಲ್ಲಿರುವ ಈ ಆಸ್ತಿಯ ಬೆಲೆ ತಿಳಿಯುತ್ತದೆ.

ರಾಷ್ಟ್ರೀಯ ಪ್ರಯತ್ನದ ಗತಿಯೂ ಇದನ್ನೇ ಹೇಳುತ್ತದೆ. ಕೇಂದ್ರ ಸಚಿವ ಸಂಪುಟ 2011ರ ಅಕ್ಟೋಬರ್‌ನಲ್ಲಿ ಒಪ್ಪಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ, ಮುಂದೆ ಭಾರತ್‌ನೆಟ್ ಎಂದು ಹೆಸರು ಪಡೆದ ಯೋಜನೆ, ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಸೆಕೆಂಡಿಗೆ 100 ಮೆಗಾಬಿಟ್ ಸಾಮರ್ಥ್ಯದ ಜೋಡಣೆ ಒದಗಿಸುವ ಗುರಿ ಇಟ್ಟುಕೊಂಡಿತ್ತು. ಅದಕ್ಕೆ ಹಣ ಬಂದದ್ದು ಸಾರ್ವತ್ರಿಕ ಸೇವಾ ನಿಧಿಯಿಂದ. ಲಾಭ ತರುವ ಪಟ್ಟಣಗಳಲ್ಲಿ ವ್ಯವಹರಿಸುವ ದೂರಸಂಪರ್ಕ ಕಂಪನಿಗಳು ತಮ್ಮ ಆದಾಯದ ಒಂದು ಪಾಲನ್ನು ಲಾಭ ತರದ ಹಳ್ಳಿಗಳಿಗಾಗಿ ಕಟ್ಟುವ ನಿಧಿ ಅದು. ಮೊದಲ ಹಂತದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳಿಗೆ 2017ರ ಕೊನೆಯ ವೇಳೆಗೆ ತಂತಿ ತಲುಪಿದರೂ ಅದರ ರಚನೆಯಲ್ಲಿಯೇ ಒಂದು ಕೊರತೆಯಿತ್ತು. ಬ್ಲಾಕ್ ಕೇಂದ್ರದಿಂದ ಪಂಚಾಯಿತಿಗೆ ಒಂದೇ ಸಾಲಿನಲ್ಲಿ ತಂತಿ ಸಾಗಿದ್ದರಿಂದ ದಾರಿಯಲ್ಲಿ ಎಲ್ಲಾದರೂ ಜೆಸಿಬಿ ತಗುಲಿ ಎಳೆ ತುಂಡಾದರೆ ಅದರಾಚೆಯ ಪಂಚಾಯಿತಿಗಳೆಲ್ಲ ಒಮ್ಮೆಗೇ ಜಾಲದ ಹೊರಗಾಗುತ್ತಿದ್ದವು. ಕೇಂದ್ರ ಸಚಿವ ಸಂಪುಟ 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಗಳ ಅಂದಾಜಿನಲ್ಲಿ ಒಪ್ಪಿದ ಪರಿಷ್ಕೃತ ಯೋಜನೆ ಇದನ್ನು ತಿದ್ದಲು ಬಳೆಯಾಕಾರದ ರಚನೆಯನ್ನು ಆಯ್ದುಕೊಂಡಿದೆ. ಬಳೆಯ ಒಂದು ಕಡೆ ತುಂಡಾದರೂ ಮಾಹಿತಿ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಹತ್ತು ವರ್ಷಗಳ ಪಾಲನೆಯನ್ನೂ ಒಂದೂವರೆ ಕೋಟಿ ಗ್ರಾಮೀಣ ಮನೆಗಳ ಜೋಡಣೆಯನ್ನೂ ಅದೇ ಯೋಜನೆಯೊಳಗೆ ಸೇರಿಸಿರುವುದು, ಪಂಚಾಯಿತಿಯ ಬಾಗಿಲಲ್ಲಿ ನಿಂತ ತಂತಿ ಸಾಲದು ಎಂಬುದನ್ನು ಕೇಂದ್ರವೇ ಒಪ್ಪಿಕೊಂಡುದರ ಗುರುತು.

ನೆರೆಯ ರಾಜ್ಯಗಳು ಈ ಅರಿವಿಗೆ ತಮ್ಮದೇ ದಾರಿಯಲ್ಲಿ ಬಂದವು. ಆಂಧ್ರಪ್ರದೇಶ ನೆಲ ಅಗೆಯುವ ವೆಚ್ಚವನ್ನು ತಪ್ಪಿಸಲು ವಿದ್ಯುತ್ ಕಂಬಗಳ ಮೇಲೆಯೇ ಫೈಬರ್ ಎಳೆದು, ಊರೂರಿನ ಕೇಬಲ್ ಟಿವಿಯವರನ್ನೇ ಮನೆಮನೆಗೆ ಸಂಪರ್ಕ ಕೊಡುವವರನ್ನಾಗಿ ಮಾಡಿಕೊಂಡು, ಇಂಟರ್ನೆಟ್, ದೂರವಾಣಿ, ಟಿವಿ ಮೂರನ್ನೂ ತಿಂಗಳಿಗೆ 149 ರೂಪಾಯಿಯ ಆರಂಭಿಕ ದರಕ್ಕೆ ಕೊಡಲು ಹೊರಟಿತು. ಕಂಬದ ಮೇಲಿನ ತಂತಿ ಅಗ್ಗ ಮತ್ತು ಬೇಗ; ಆದರೆ ಗಾಳಿ ಮಳೆಗೆ ಅದು ಮೊದಲ ಬಲಿ. ಕೇರಳ ತನ್ನ ವಿದ್ಯುತ್ ಮಂಡಳಿಯನ್ನು ಪಾಲುದಾರನನ್ನಾಗಿಸಿ ಕೆ-ಫೋನ್ ಎಂಬ ಸರ್ಕಾರಿ ಕಂಪನಿ ಕಟ್ಟಿ, 2023ರ ಜೂನ್ 5ರಂದು ಅದನ್ನು ಉದ್ಘಾಟಿಸಿತು; ಸುಮಾರು 30 ಸಾವಿರ ಸರ್ಕಾರಿ ಕಚೇರಿಗಳನ್ನು ಜೋಡಿಸುವುದು, 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಕೊಡುವುದು ಅದರ ಗುರಿಯಾಗಿದ್ದರೂ ಮೊದಲ ಹಂತಕ್ಕೆ ಆಯ್ದದ್ದು ವಿಧಾನಸಭಾ ಕ್ಷೇತ್ರಕ್ಕೆ ನೂರರಂತೆ 14 ಸಾವಿರ ಕುಟುಂಬಗಳನ್ನು ಮಾತ್ರ. ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಕೇರಳ ಹೈಕೋರ್ಟ್ 2019ರಲ್ಲಿ ಹೇಳಿದ ರಾಜ್ಯದಲ್ಲಿಯೂ ಹಕ್ಕನ್ನು ಘೋಷಿಸುವುದಕ್ಕಿಂತ ಮನೆಗೆ ತಂತಿ ಮುಟ್ಟಿಸುವುದು ನಿಧಾನದ ಕೆಲಸವೆಂಬುದು ಇದರಿಂದ ತಿಳಿಯುತ್ತದೆ.

ಕರ್ನಾಟಕದ ಅನುಭವ ಇವೆರಡಕ್ಕಿಂತ ಬೇರೆ. ಇಲ್ಲಿ ಸೇವೆ ಮುಂದೆ ಹೋಯಿತು, ತಂತಿ ಹಿಂದೆ ಉಳಿಯಿತು. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದು, 2000ದ ಸುಮಾರಿನಿಂದ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಸಿಗತೊಡಗಿದವು. ಶ್ಯಾನುಭೋಗಿಕೆಯ ಕಾಲದಿಂದ ಬಂದ ಕೈಬರಹದ ಪಹಣಿಯ ಅವಲಂಬನೆ ತಪ್ಪಿತಾದರೂ ಒಂದು ಹಾಳೆಗಾಗಿ ರೈತ ದಿನದ ಕೂಲಿ ಕಳೆದುಕೊಂಡು ತಾಲ್ಲೂಕಿಗೆ ಹೋಗಬೇಕಾಯಿತು. ಆ ದೂರವನ್ನು ತಗ್ಗಿಸಲು 2006ರಲ್ಲಿ ಹೋಬಳಿ ಮಟ್ಟದ ನೆಮ್ಮದಿ ಕೇಂದ್ರಗಳು, 2012ರಲ್ಲಿ ನಾಡಕಚೇರಿಗಳ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು, 2016ರಲ್ಲಿ ಗ್ರಾಮ ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರಗಳು, 2022ರಲ್ಲಿ ಗ್ರಾಮ ಒನ್ ಕೇಂದ್ರಗಳು ಬಂದವು. ಕಿಂಡಿ ಹೀಗೆ ಊರಿಗೆ ಹತ್ತಿರವಾದಂತೆಲ್ಲ ಜಾಲದ ಮೇಲಿನ ಭಾರ ಹೆಚ್ಚಿತು, ಜಾಲ ಮಾತ್ರ ಊರಿನತ್ತ ಬಂದಷ್ಟೂ ತೆಳುವಾಯಿತು.

ಆ ತೆಳುವಿನ ಬೆಲೆ ತೆರುವವರು ಯಾರೆಂಬುದು ದಿನನಿತ್ಯ ಕಾಣುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿದ ಮುದುಕಿಗೆ ಅಕ್ಕಿ ಸಿಗುವುದು ಆ ಬೆರಳಚ್ಚು ಸರ್ವರ್‌ಗೆ ಹೋಗಿ ಬಂದ ಮೇಲೆ. ಉದ್ಯೋಗ ಖಾತ್ರಿಯ ಕೂಲಿ ಸಿಗುವುದು 2023ರಿಂದ ಕಡ್ಡಾಯವಾದ ಮೊಬೈಲ್ ಹಾಜರಾತಿಯ ಚಿತ್ರ ಕೆಲಸದ ಸ್ಥಳದಿಂದ ಏರಿದ ಮೇಲೆ. 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಮಾತು ಕರ್ನಾಟಕದ ಹಳ್ಳಿಗಳಲ್ಲಿ ಗಾದೆಯಂತಾಗಿದೆ. ಹಿಂದೆ ಗುಮಾಸ್ತರು ಹೇಳುತ್ತಿದ್ದ 'ಸಾಹೇಬರು ಇಲ್ಲ' ಎಂಬುದರ ಜಾಗವನ್ನು ಅದು ಹಿಡಿದಿದೆ, ಮತ್ತು ಇಲ್ಲದ ಸರ್ವರಿನ ಮೇಲೆ ದೂರು ಕೊಡುವುದು ಇಲ್ಲದ ಸಾಹೇಬರ ಮೇಲೆ ಕೊಡುವುದಕ್ಕಿಂತ ಕಷ್ಟ. ಸಕಾಲ ಕಾಯ್ದೆ ಸೇವೆಗೆ ಗಡುವು ಗೊತ್ತುಮಾಡಿದರೂ ಆ ಗಡುವಿನ ಗಡಿಯಾರ ಓಡಲಾರಂಭಿಸುವುದು ಅರ್ಜಿ ದಾಖಲಾದ ಮೇಲೆ. ಜಾಲ ಇಲ್ಲದ್ದರಿಂದ ದಾಖಲಾಗದೆ ಹೋದ ಅರ್ಜಿಗೆ ಗಡಿಯಾರವೇ ಇಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019–20ರಲ್ಲಿ ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಪುರುಷರು ನೂರಕ್ಕೆ ಸುಮಾರು 62, ಮಹಿಳೆಯರು 35 ಮಾತ್ರ. ಮನೆಯಲ್ಲಿರುವ ಒಂದೇ ಫೋನು ಗಂಡಸಿನ ಜೇಬಿನಲ್ಲಿ ಹೊರಗೆ ಹೋಗುವ ಕುಟುಂಬದಲ್ಲಿ ಮೊಬೈಲ್ ಇಂಟರ್ನೆಟ್ಟಿನಿಂದ ಈ ಅಂತರ ತಾನಾಗಿ ಮುಚ್ಚುವುದಿಲ್ಲ. ಮನೆಯಲ್ಲೇ ಉಳಿಯುವ ಸಂಪರ್ಕ ಬೇಕೆನ್ನಲು ಇದೇ ಬಲವಾದ ಕಾರಣ.

ಹಾಗಿದ್ದರೆ ರಾಜ್ಯದ ಹಣ ಎಲ್ಲಿಗೆ ಹೋಗಬೇಕು? ಮೊದಲನೆಯದು, ದಾರಿ. ಯಾವುದೇ ರಸ್ತೆ ನಿರ್ಮಾಣವಾಗುವಾಗ ಅದರ ಬದಿಯಲ್ಲಿ ಖಾಲಿ ಕೊಳವೆಯೊಂದನ್ನು ಹೂಳುವುದು ರಸ್ತೆಯ ಅಂದಾಜುಪಟ್ಟಿಯಲ್ಲಿಯೇ ಸೇರಿದರೆ ಮುಂದೆ ಬರುವ ಪ್ರತಿ ಕಂಪನಿ ಹೊಸ ಡಾಂಬರನ್ನು ಅಗೆಯುವುದು ತಪ್ಪುತ್ತದೆ. ವಿದ್ಯುತ್ ಪ್ರಸರಣ ಮಾರ್ಗಗಳ ನೆತ್ತಿಯ ಮೇಲೆ, ಸಿಡಿಲಿನಿಂದ ರಕ್ಷಣೆಗಾಗಿ ಎಳೆಯುವ ತಂತಿಯ ಗರ್ಭದಲ್ಲಿ ಫೈಬರ್ ಅಡಗಿಸುವ ವಿಧಾನವೂ ಬಳಕೆಯಲ್ಲಿದ್ದು, ಅದರ ಉಳಿಕೆ ಎಳೆಗಳನ್ನು ನ್ಯಾಯವಾದ ಬಾಡಿಗೆಗೆ ಎಲ್ಲರಿಗೂ ಸಮನಾಗಿ ಕೊಡಬಹುದು. 2025ರ ಜನವರಿ 1ರಿಂದ ಜಾರಿಯಾದ ಹೊಸ ಮಾರ್ಗಾಧಿಕಾರ ನಿಯಮಗಳು, ಎಂದರೆ ತಂತಿ ಹಾಯಿಸಲು ಅನುಮತಿ ಕೊಡುವ ಕ್ರಮವನ್ನು ದೇಶಕ್ಕೆಲ್ಲ ಒಂದಾಗಿಸುವ ನಿಯಮಗಳು, ಇದಕ್ಕೆ ಅನುಕೂಲವಾಗಿವೆ.

ಎರಡನೆಯದು, ಸ್ಥಿರ ಗಿರಾಕಿ. ಕೋಲಾರದ ಗಣಿ ಶಿವನಸಮುದ್ರಕ್ಕೆ ಆಸರೆಯಾದಂತೆ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ನ್ಯಾಯಬೆಲೆ ಅಂಗಡಿ, ಹಾಲಿನ ಡೇರಿ ಮತ್ತು ಈಗ ಅರಿವು ಕೇಂದ್ರಗಳಾಗಿರುವ ಪಂಚಾಯಿತಿ ಗ್ರಂಥಾಲಯ ಒಟ್ಟಾಗಿ ಹಳ್ಳಿಯ ಜಾಲಕ್ಕೆ ಆಸರೆಯಾಗಬಲ್ಲವು. ಐದು ವರ್ಷಗಳ ಶುಲ್ಕವನ್ನು ಸರ್ಕಾರ ಖಚಿತಪಡಿಸಿದರೆ ಸ್ಥಳೀಯ ಕೇಬಲ್‌ನವರೂ ಮಹಿಳಾ ಸ್ವಸಹಾಯ ಸಂಘಗಳೂ ಅದೇ ತಂತಿಯಿಂದ ಮನೆಗಳಿಗೆ ಸಂಪರ್ಕ ಕೊಡಲು ಮುಂದೆ ಬರುವುದು ಸಾಧ್ಯ. ಅಂಗಡಿಯವರೂ ಪರವಾನಗಿಯಿಲ್ಲದೆ ವೈ-ಫೈ ಮಾರಬಹುದಾದ ಪಿಎಂ-ವಾಣಿ ಯೋಜನೆಗೆ 2020ರಲ್ಲಿಯೇ ಒಪ್ಪಿಗೆ ಸಿಕ್ಕಿದೆ.

ಮೂರನೆಯದು, ಪಾಲನೆ. ಬಂಡವಾಳ ವೆಚ್ಚ ಎಂದರೆ ಆಸ್ತಿ ನಿರ್ಮಾಣಕ್ಕೆ ಒಮ್ಮೆ ಮಾಡುವ ವೆಚ್ಚ, ರಾಜಸ್ವ ವೆಚ್ಚ ಎಂದರೆ ವರ್ಷವರ್ಷವೂ ನಡೆಸಿಕೊಂಡು ಹೋಗುವ ವೆಚ್ಚ. ಮೊದಲನೆಯದಕ್ಕೆ ಶಿಲಾನ್ಯಾಸವಿದೆ, ನಾಮಫಲಕವಿದೆ. ಎರಡನೆಯದಕ್ಕೆ ಅವೆರಡೂ ಇಲ್ಲವಾದ್ದರಿಂದ ಆಯವ್ಯಯದಲ್ಲಿ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಗಾಜಿನ ಎಳೆ ಕಾಲು ಶತಮಾನ ಬಾಳಿದರೂ ಅದರ ತುದಿಯ ಪೆಟ್ಟಿಗೆ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ, ಅದರ ಬ್ಯಾಟರಿ ಇನ್ನೂ ಬೇಗ ಸಾಯುತ್ತದೆ. ಕರೆಂಟು ಹೋದೊಡನೆ ಜಾಲವೂ ಹೋಗುವ ಪಂಚಾಯಿತಿಯಲ್ಲಿ ಕೊರತೆಯಿರುವುದು ಫೈಬರಿನದಲ್ಲ, ಒಂದು ಒಳ್ಳೆಯ ಬ್ಯಾಟರಿಯದು. ಮರ ಬಿದ್ದು ತಂತಿ ಹರಿಯುವ ಮಲೆನಾಡಿನಲ್ಲಿ, ಊರು ಊರಿಗೆ ದೂರವಿರುವ ಕಲ್ಯಾಣ ಕರ್ನಾಟಕದಲ್ಲಿ ಎಳೆ ಬೆಸೆಯುವ ಯಂತ್ರವೂ ಅದನ್ನು ಬಳಸಬಲ್ಲ ಯುವಕರೂ ತಾಲ್ಲೂಕಿನಲ್ಲೇ ಇರಬೇಕು; ಐಟಿಐಗಳಲ್ಲಿ ಈ ತರಬೇತಿ ಕೊಡುವುದು ರಾಜ್ಯಕ್ಕೆ ದೊಡ್ಡ ಹೊರೆಯಲ್ಲ.

ಖಾಸಗಿ ಕಂಪನಿಗಳೇ ಎಲ್ಲವನ್ನೂ ಮಾಡುತ್ತಿರುವಾಗ, ಉಪಗ್ರಹದಿಂದಲೇ ಇಂಟರ್ನೆಟ್ ಬರಲಿರುವಾಗ ಸರ್ಕಾರದ ಹಣ ಏಕೆ ಎಂಬ ಆಕ್ಷೇಪಕ್ಕೂ ಉತ್ತರವಿದೆ. ಗಿರಾಕಿಗಳು ದಟ್ಟವಾಗಿರುವಲ್ಲಿ ಖಾಸಗಿ ಕಂಪನಿ ಸರ್ಕಾರಕ್ಕಿಂತ ಚೆನ್ನಾಗಿ ಕೆಲಸ ಮಾಡಬಲ್ಲದು, ಅಲ್ಲಿ ಸರ್ಕಾರ ಪೈಪೋಟಿಗೆ ಇಳಿಯುವುದು ವ್ಯರ್ಥ. ಕಾಡಿನ ನಡುವಿನ ಹತ್ತು ಮನೆಗಳ ಹಾಡಿಗೆ ಉಪಗ್ರಹವೇ ಸರಿಯಾದ ದಾರಿಯಾಗಿರಬಹುದು. ಇವೆರಡರ ನಡುವೆ ಇರುವ ಸಾವಿರಾರು ಸಾಧಾರಣ ಹಳ್ಳಿಗಳೇ ರಾಜ್ಯದ ಹೊಣೆ. ಅಲ್ಲಿಯೂ ಸರ್ಕಾರ ದಾರಿ ಕಟ್ಟಿಕೊಟ್ಟರೆ ಸಾಕು, ಬಂಡಿ ಹೊಡೆಯುವವರು ಬೇರೆಯವರಾಗಬಹುದು.

ಕೊನೆಯದಾಗಿ ಅಳತೆಗೋಲಿನ ಮಾತು. ಎಷ್ಟು ಕಿಲೋಮೀಟರ್ ತಂತಿ ಹೂಳಲಾಯಿತು ಎಂಬ ಲೆಕ್ಕ ಗುತ್ತಿಗೆದಾರರ ಬಿಲ್ಲಿಗೆ ಬೇಕು, ಜನರಿಗೆ ಬೇಕಾದುದು ಬೇರೆ ಲೆಕ್ಕ: ಕಳೆದ ತಿಂಗಳು ಪಂಚಾಯಿತಿಯಲ್ಲಿ ಜಾಲ ಎಷ್ಟು ಗಂಟೆ ನಿಂತಿತ್ತು, ಕೆಟ್ಟದ್ದು ಎಷ್ಟು ದಿನದಲ್ಲಿ ಸರಿಹೋಯಿತು, ಎಷ್ಟು ಮನೆಗಳಿಗೆ ಸಂಪರ್ಕ ಸಿಕ್ಕಿತು. ಈ ಮೂರು ಅಂಕಿಗಳನ್ನು ಕನ್ನಡದಲ್ಲಿ, ಪಂಚಾಯಿತಿಯ ಗೋಡೆಯ ಮೇಲೆ, ಪ್ರತಿ ತಿಂಗಳು ಬರೆಯಿಸುವಂತೆ ಸರ್ಕಾರವನ್ನು ಒತ್ತಾಯಿಸುವ ನಿರ್ಣಯವನ್ನು ಈ ಸಮ್ಮೇಳನ ಅಂಗೀಕರಿಸಬೇಕು. ಮುಂದಿನ ಗ್ರಾಮಸಭೆಯಲ್ಲಿ ಆ ಗೋಡೆಯತ್ತ ಬೆರಳು ತೋರಿಸಿ ಕೇಳುವ ಕೆಲಸವನ್ನು ಇಲ್ಲಿ ನೆರೆದಿರುವ ಗ್ರಾಮ ಪಂಚಾಯಿತಿ ಪ್ರತಿನಿಧಿಗಳು ವಹಿಸಿಕೊಳ್ಳಬೇಕು.