ಕೌದಿ ಹೊಲಿದವರ ಹೆಸರು



ಕಲೆಯ ಚರಿತ್ರೆ ಓದಿದವರಿಗೆ ಕೊಲಾಜ್ ಎಂದೊಡನೆ 1912 ನೆನಪಾಗುತ್ತದೆ. ಆ ವರ್ಷ ಪಿಕಾಸೊ, ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣದ ಬಟ್ಟೆಯ ತುಂಡೊಂದನ್ನು ಚಿತ್ರಕ್ಕೆ ಅಂಟಿಸಿ ಸುತ್ತಲೂ ಹಗ್ಗ ಬಿಗಿದ. ಕೊಲಾಜಿನ ಕಥೆಯನ್ನು ಪುಸ್ತಕಗಳು ಸಾಮಾನ್ಯವಾಗಿ ಅಲ್ಲಿಂದ ಶುರುಮಾಡುತ್ತವೆ. ಅಮೆರಿಕದ ಕಲಾವಿದೆಯರಾದ ಮಿರಿಯಮ್ ಶಪಿರೊ ಮತ್ತು ಮೆಲಿಸಾ ಮೇಯರ್ ಇದನ್ನು ಒಪ್ಪಲಿಲ್ಲ. ಚಿಂದಿ ಕೂಡಿಟ್ಟು, ಕತ್ತರಿಸಿ, ಜೋಡಿಸುವ ಈ ಕೆಲಸವನ್ನು ಹೆಂಗಸರು ಮನೆಯೊಳಗೆ ಎಷ್ಟೋ ಕಾಲದಿಂದ ಮಾಡುತ್ತ ಬಂದಿದ್ದಾರೆ ಎಂದು 1977–78ರಲ್ಲಿ ‘ಹೆರೆಸೀಸ್’ ಎಂಬ ಸ್ತ್ರೀವಾದಿ ಪತ್ರಿಕೆಯಲ್ಲಿ ವಾದಿಸಿದರು, ಅದಕ್ಕೆ ‘ಫೆಮೇಜ್’ ಎಂದು ಹೆಸರಿಟ್ಟರು. ಶಪಿರೊ ತಮ್ಮ ದೊಡ್ಡ ಕ್ಯಾನ್ವಾಸುಗಳ ಮೇಲೆ ಕರವಸ್ತ್ರ, ಲೇಸು, ಅಡುಗೆಮನೆಯ ಏಪ್ರನ್‌ಗಳನ್ನು ಕೂರಿಸಿದರು.

ಫೆಮೇಜ್ ಎನ್ನಲು ಅವರು ಕೆಲವು ಲಕ್ಷಣಗಳನ್ನು ಹೇಳಿದ್ದಾರೆ. ಹೆಂಗಸು ಮಾಡಿರಬೇಕು, ಕೂಡಿಟ್ಟ ತುಂಡುಗಳಿಂದ ಮಾಡಿರಬೇಕು, ಹತ್ತಿರದವರಿಗಾಗಿ ಮಾಡಿದ್ದಾಗಿರಬೇಕು, ಬದುಕಿನ ಒಂದು ಘಟನೆಯನ್ನು ನೆನೆಯಬೇಕು, ನೋಡಲು ಚೆಂದವಿದ್ದು ಬಳಕೆಗೂ ಬರಬೇಕು. ಪಟ್ಟಿ ಇನ್ನೂ ಉದ್ದವಿದೆ. ಅದನ್ನು ಓದುತ್ತಿದ್ದರೆ ನಮ್ಮ ಬಾಣಂತಿ ಕೋಣೆಯ ಕೌದಿಯನ್ನು ಕಂಡೇ ಬರೆದರೋ ಎನ್ನಿಸುತ್ತದೆ.

ನಮ್ಮ ಕಡೆಯ ಒಂದು ತೊಟ್ಟಿಲ ಕೌದಿಯನ್ನು ಬೆಳಕಿಗೆ ಹಿಡಿದು ನೋಡಿ. ಅಡಿಯಲ್ಲಿ ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆ. ಹೊಸ ಬಟ್ಟೆ ಕೂಸಿನ ಮೈಗೆ ಒರಟು, ಹಾಗಾಗಿ ಹಳೆಯದೇ ಬೇಕು. ಮೇಲೆ ಅಜ್ಜನ ಪಂಚೆ, ಅಣ್ಣನ ಶಾಲೆಯ ಖಾಕಿ ಚಡ್ಡಿ, ಅತ್ತೆಯ ಕುಬುಸದ ತೋಳು. ಹೊಲಿದವಳು ಖಾಕಿಯನ್ನು ಅಂಚಿಗೆ ಹಾಕಿದ್ದಾಳೆ, ಎಳೆದಾಡುವ ಜಾಗ ಗಟ್ಟಿಯಿರಲೆಂದು. ಕೆಂಪು ತುಂಡು ಒಂದೇ ಇತ್ತು, ಅದನ್ನು ನಡುವೆ ಇಟ್ಟಿದ್ದಾಳೆ. ಒಂದು ಮೂಲೆಯಲ್ಲಿ ದಾರದ ಬಣ್ಣ ಬದಲಾಗಿದೆ, ಉಂಡೆ ಮುಗಿದಿರಬೇಕು. ಹೊಲಿಗೆಯ ಸಾಲು ಮಾತ್ರ ಎಲ್ಲೂ ಸೊಟ್ಟಗಾಗಿಲ್ಲ.

ಎಲ್ಲ ಕೌದಿಯೂ ಹೀಗಿರುವುದಿಲ್ಲ. ಚಳಿಗೆ ಸಾಕಾದರೆ ಸಾಕೆಂದು ಅವಸರದಲ್ಲಿ ಹೊಲಿದವೂ ಇವೆ. ಮುಸುರೆ ತೊಳೆದು, ದನ ಕಟ್ಟಿ, ಎಲ್ಲರೂ ಮಲಗಿದ ಮೇಲೆ ಸಿಕ್ಕ ಹೊತ್ತಿನಲ್ಲಿ ಹೊಲಿದವು. ಹೊಗಳುವ ಭರದಲ್ಲಿ ಆ ದಣಿವನ್ನು ಮರೆತರೆ ಹೊಲಿದವಳಿಗೆ ಅನ್ಯಾಯವಾಗುತ್ತದೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಯ ರೀತಿಯೇ ಬೇರೆ. ಮೂಲೆಯಿಂದ ಹೊಲಿಗೆ ಹಿಡಿದು, ಅಂಚಿನ ಗುಂಟ ಸುತ್ತುತ್ತ, ಕೊನೆಗೆ ನಡುವಿಗೆ ಬಂದು ಮುಗಿಸುತ್ತಾರೆ. ನಕ್ಷೆ ಬರೆದುಕೊಳ್ಳುವುದಿಲ್ಲ, ಕೈಗೆ ಬಂದ ತುಂಡು ಮುಂದಿನ ತುಂಡನ್ನು ಕೇಳುತ್ತ ಹೋಗುತ್ತದೆ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನಗಳ ಹೂವು ಬೇಕೇ ಬೇಕು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ.

ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ. ಸೂರಗೊಂಡನಕೊಪ್ಪದ ಜಾತ್ರೆಗೆ ಹೋದವರು ಕನ್ನಡಿ, ಕವಡೆ, ಗೆಜ್ಜೆ ಕೂಡಿಸಿ ಹೊಲಿದ ಫೇಟಿಯಾ ಲಂಗ, ಕಾಂಚಳಿ ಕುಬುಸಗಳನ್ನು ಕಂಡಿರುತ್ತೀರಿ. ಇದೇ ಕಸೂತಿಗೆ ಸಂಡೂರಿನ ಹೆಸರಿನಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಸಂತೋಷದ ಸುದ್ದಿ. ಆದರೆ ಆ 450 ಮಂದಿಯಲ್ಲಿ ಒಬ್ಬರ ಹೆಸರನ್ನಾದರೂ ಈ ಸಭೆಯಲ್ಲಿ ನಾವು ಹೇಳಬಲ್ಲೆವೇ?

ತರೀಕೆರೆಗೆ ನೆರೆಯ ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡರ ಹೆಸರನ್ನು ಜಗತ್ತು ಬಲ್ಲದು. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲೂ ಆಮೇಲೆ ಲಂಡನ್ನಿನಲ್ಲೂ ಚಿತ್ರಕಲೆ ಕಲಿತ ಅವರು 1990ರ ದಶಕದಲ್ಲಿ ಸಗಣಿ, ಕುಂಕುಮ, ಸೂಜಿ, ದಾರಗಳನ್ನು ಕೈಗೆತ್ತಿಕೊಂಡರು. ಅವರದೊಂದು ಕೃತಿಯಲ್ಲಿ ಸೂಜಿಗಳಿಗೆ ಪೋಣಿಸಿದ ಉದ್ದುದ್ದ ದಾರಗಳು ಒಟ್ಟುಗೂಡಿ ಕುಂಕುಮ ಬಳಿದ ಹಗ್ಗವಾಗಿ ಗೋಡೆಯಿಂದ ನೆಲಕ್ಕೆ ಹರಿಯುತ್ತವೆ. ತುದಿಯಲ್ಲಿ ಸೂಜಿಗಳ ಗೊಂಚಲು ತೂಗುತ್ತದೆ. ಸೂಜಿಗೆ ದಾರ ಪೋಣಿಸುವಾಗಿನ ತಾಳ್ಮೆ, ಚುಚ್ಚಿಸಿಕೊಂಡ ಬೆರಳಿನ ನೋವು ಎರಡೂ ಅದರಲ್ಲಿವೆ. ಅವರಿಗೆ ಸಂದ ಗೌರವ ನ್ಯಾಯವಾದದ್ದು. ಅದೇ ಸೂಜಿ ಹಿಡಿದ ನಮ್ಮ ಊರುಗಳ ಹೆಂಗಸರಿಗೂ ಅದರಲ್ಲಿ ಒಂದು ಪಾಲು ಸಲ್ಲಬೇಕು ಎಂಬುದಷ್ಟೇ ನನ್ನ ಆಸೆ. ಆ ಪಾಲು ಹೆಸರಿನಿಂದ ಶುರುವಾಗುತ್ತದೆ.

ಅದಕ್ಕೆ ದೊಡ್ಡ ವಸ್ತುಸಂಗ್ರಹಾಲಯ ಬರುವವರೆಗೆ ಕಾಯಬೇಕಿಲ್ಲ. ನಮ್ಮ ಕಾಲೇಜುಗಳ ಹುಡುಗ ಹುಡುಗಿಯರು ಮನೆಯ ಹಳೆಯ ಕೌದಿಯನ್ನು ಅಂಗಳದಲ್ಲಿ ಹರಡಿ ಫೋಟೊ ತೆಗೆಯಲಿ. ಹೊಲಿದವರು ಯಾರು, ಯಾವ ಊರಿನ ಮಗಳು, ಯಾರ ಬಾಣಂತನಕ್ಕೆ ಹೊಲಿದದ್ದು, ಯಾವ ತುಂಡು ಯಾರ ಮೈಮೇಲಿದ್ದದ್ದು ಎಂದು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಕೂಲಿಗೆ ಹೊಲಿದುಕೊಟ್ಟವರಿದ್ದರೆ ಅವರ ಹೆಸರು, ಪಡೆದ ಕೂಲಿ ಎರಡೂ ದಾಖಲಾಗಲಿ. ಮುಂದಿನ ವರ್ಷದ ದತ್ತಿ ಉಪನ್ಯಾಸದ ದಿನ ಈ ಸಭಾಂಗಣದ ಗೋಡೆಗಳ ಮೇಲೆ ಆ ಕೌದಿಗಳನ್ನು ತೂಗುಹಾಕೋಣ. ಹೊಲಿದವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅವರು ಹೇಳುವುದನ್ನು ಕೇಳೋಣ.