ಕರೆಯುವಾತನಿಗೆ ನಮ್ಮ ಉತ್ತರ



ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿತೆಂದರೆ, ನೂರು ವರ್ಷಗಳ ಕಾಲ ಅದರ ಗಂಟೆ ಜನರನ್ನು ಕರೆದಿದೆ ಎಂದೇ ಅರ್ಥ. ಆ ಕರೆಗೆ ಓಗೊಟ್ಟ ಹಿರಿಯರನ್ನು ಕೃತಜ್ಞತೆಯಿಂದ ಸ್ಮರಿಸುವುದು ನಮ್ಮ ಕರ್ತವ್ಯ. ಆದರೆ ಕರೆಯುವಾತನಿಗೆ ಇಂದು ನಾವು ಕೊಡುತ್ತಿರುವ ಉತ್ತರವೇನು ಎಂಬುದನ್ನು ಕೇಳಿಕೊಳ್ಳದೆ ಹೋದರೆ, ಈ ಸಂಭ್ರಮವು ಬರಿಯ ತೋರಣವಾದೀತು.

ದೇವರ ಕರೆ ಎಂದೊಡನೆ ನಮಗೆ ಗುರುಮಠ, ಕನ್ಯಾಮಠಗಳು ನೆನಪಾಗುತ್ತವೆ. ಅದು ನಿಜವಾದರೂ ಪೂರ್ಣ ಸತ್ಯವಲ್ಲ. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರನ್ನೂ ದೇವರು ಹೆಸರು ಹಿಡಿದೇ ಕರೆದಿದ್ದಾರೆ. ಆ ಕರೆಯನ್ನು ನಾವು ಎದುರಿಸುವ ಬಗೆಗಳು ಎರಡು. ಮೊದಲನೆಯದು ಪ್ರವಾದಿ ಯೋನನದು. ನಿನೆವೆಗೆ ಹೋಗೆಂದರೆ ಆತ ಯೊಪ್ಪ ಬಂದರಿಗೆ ಬಂದು, ತಾರ್ಷೀಷಿಗೆ ಹೊರಟ ಹಡಗನ್ನೇರಿದ. ಕರೆ ಆತನಿಗೆ ಕೇಳಿಸದೆ ಇರಲಿಲ್ಲ. ಸ್ಪಷ್ಟವಾಗಿ ಕೇಳಿಸಿದ್ದರಿಂದಲೇ ಓಡಿದ. ನಮ್ಮಲ್ಲಿ ಹಡಗಿಲ್ಲ, ನೆವಗಳಿವೆ. ಸಾಲ ತೀರಲಿ, ಮಗಳ ಮದುವೆ ಮುಗಿಯಲಿ, ಈ ವರ್ಷ ಮಳೆ ಬರಲಿ, ಆಮೇಲೆ ನೋಡೋಣ ಎನ್ನುತ್ತೇವೆ. ಮುನಿದ ಅಣ್ಣನ ಮನೆಗೆ ಹೋಗಿ ರಾಜಿಯಾಗಬೇಕೆಂದು ಅಂತಃಕರಣವು ಹೇಳಿದಾಗಲೂ ಇದೇ ಮಾತು. 'ಇಲ್ಲ' ಎನ್ನುವ ಧೈರ್ಯವಿಲ್ಲದವರು 'ಆಮೇಲೆ' ಎನ್ನುತ್ತಾರೆ.

ಎರಡನೆಯ ಬಗೆಯನ್ನು ಅರಿಯಲು ನಮ್ಮ ವಿಜಯಪುರದ ಇತಿಹಾಸವನ್ನೇ ನೋಡಬಹುದು. ಗೋವೆಯ ದಿವಾಡಿ ದ್ವೀಪದ ಮಾಥೆವುಸ್ ದೆ ಕಾಸ್ತ್ರೊ ಎಂಬ ಯುವಕನಿಗೆ ಗುರುವಾಗುವ ಕರೆಯಿತ್ತು. ಆದರೆ ದೇಶೀಯರಿಗೆ ಗುರುದೀಕ್ಷೆ ಕೊಡಲು ಅಂದಿನ ಅಧಿಕಾರಿಗಳು ಹಿಂಜರಿಯುತ್ತಿದ್ದರು. ಗೋವೆಯಲ್ಲಿ ಅವರಿಗೆ ದೀಕ್ಷೆ ದೊರೆಯಲಿಲ್ಲ. ಅವರು ರೋಮಿಗೆ ಹೋದರು, ಅಲ್ಲಿ ಗುರುಗಳಾದರು. 1637ರಲ್ಲಿ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದ ಅವರಿಗೆ ಆದಿಲಶಾಹಿ ರಾಜ್ಯದ ಕ್ರೈಸ್ತರ ಹೊಣೆಯನ್ನು ವಹಿಸಲಾಯಿತು. ಗೋಳಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲಶಹನು ಇಲ್ಲಿ ಆಳುತ್ತಿದ್ದ ಕಾಲವದು. ಅವರ ಮುಂದಿನ ಬಾಳು ಕಲಹಗಳಿಂದ ಮುಕ್ತವಾಗಿರಲಿಲ್ಲ. ಅವರನ್ನು ಇಲ್ಲಿ ಸಂತರೆಂದು ನಾವು ಹೇಳುತ್ತಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಅಲ್ಲಿ ದೇವರ ಕರೆಯನ್ನು ಎದುರಿಸಿದವರು ಯಾರು? ಕರೆ ಬಂದಾತನಲ್ಲ, ಆತನ ಹಾದಿಗೆ ಅಡ್ಡಗೋಡೆಯಾಗಿ ನಿಂತವರು.

ಮತ್ತೊಬ್ಬರ ಕರೆಗೆ ಅಡ್ಡ ನಿಲ್ಲುವುದೂ ದೇವರನ್ನು ಎದುರಿಸುವುದೇ ಆಗಿದೆ. ಇದು ತಂದೆತಾಯಿಗಳಾದ ನಮಗೆ ಅನ್ವಯಿಸುವ ಮಾತು. ನೆರೆಮನೆಯ ಮಗ ಗುರುವಾಗಲಿ, ನೆರೆಮನೆಯ ಮಗಳು ಧರ್ಮಭಗಿನಿಯಾಗಲಿ ಎಂದು ನಾವು ಮನಃಪೂರ್ವಕವಾಗಿ ಪ್ರಾರ್ಥಿಸುತ್ತೇವೆ. ನಮ್ಮ ಮನೆಯ ಬಾಗಿಲು ತಟ್ಟಿದಾಗ ಚಿಲಕ ಹಾಕಿಕೊಳ್ಳುತ್ತೇವೆ. ಟಿಕೋಟಾ, ಬಬಲೇಶ್ವರಗಳ ಕಡೆ ಹಳ್ಳಿಗಳಲ್ಲಿ ಚದುರಿರುವ ವಿಶ್ವಾಸಿಗಳ ಮನೆಗೆ ಬಲಿಪೂಜೆಯನ್ನೂ ರೋಗಿಗಳಿಗೆ ಪರಮಪ್ರಸಾದವನ್ನೂ ಒಯ್ಯುವವರು ಯಾರೋ ಒಬ್ಬರ ಮಕ್ಕಳೇ ಅಲ್ಲವೇ?

ಹಾಗಾದರೆ ವಿಧೇಯತೆ ಎಂದರೇನು? ಸಂತ ಜೋಸೆಫ್ ವಾಜರ ಬಾಳನ್ನು ನೋಡೋಣ. 1651ರಲ್ಲಿ ಗೋವೆಯಲ್ಲಿ ಜನಿಸಿದ ಈ ಗುರುಗಳ ಹೃದಯವು ಸಿಂಹಳಕ್ಕಾಗಿ ಮಿಡಿಯುತ್ತಿತ್ತು. ಡಚ್ಚರ ನಿರ್ಬಂಧದಿಂದಾಗಿ ಅಲ್ಲಿಯ ಕಥೋಲಿಕರಿಗೆ ಗುರುಗಳೇ ಇರಲಿಲ್ಲ. ಆದರೆ ಅಧಿಕಾರಿಗಳು 1681ರಲ್ಲಿ ಅವರನ್ನು ಕಳುಹಿಸಿದ್ದು ನಮ್ಮ ಕನ್ನಡ ಕರಾವಳಿಗೆ. ಅವರು ಗೊಣಗಲಿಲ್ಲ, ಸುಮಾರು ಮೂರು ವರ್ಷ ಅಲ್ಲಿಯ ಕ್ರೈಸ್ತರ ಸೇವೆ ಮಾಡಿದರು. ಸಿಂಹಳವನ್ನು ಮರೆಯಲೂ ಇಲ್ಲ. 1687ರಲ್ಲಿ ಕೂಲಿಯವನ ವೇಷದಲ್ಲಿ ಆ ದ್ವೀಪವನ್ನು ತಲುಪಿ, 1711ರಲ್ಲಿ ಮರಣ ಹೊಂದುವವರೆಗೆ ಅಲ್ಲಿಯೇ ದುಡಿದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಸಾರಿದರು. ದೂರದ ಕರೆಗಾಗಿ ಕಾಯುತ್ತ, ಹತ್ತಿರದ ಕೆಲಸವನ್ನು ಪೂರ್ಣ ಮನಸ್ಸಿನಿಂದ ಮಾಡುವುದೇ ವಿಧೇಯತೆ.

ಟಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಇದು ಹೊಸ ಮಾತಲ್ಲ. ಬಳ್ಳಿಗೆ ವರ್ಷಕ್ಕೆರಡು ಬಾರಿ ಚಾಟ್ನಿ, ಫಲ ಮಾತ್ರ ಒಮ್ಮೆ. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಕತ್ತರಿಸಿದಾಗ ಗೊನೆ ಬಿಡುವುದಿಲ್ಲ, ಕಡ್ಡಿ ಮಾತ್ರ ಬಲಿಯುತ್ತದೆ. ಅಕ್ಟೋಬರಿನ ಚಾಟ್ನಿಯ ನಂತರ ಗೊನೆ ತೂಗುವುದು ಆ ಕಡ್ಡಿಯಲ್ಲಿಯೇ. ಮೊದಲ ಕತ್ತರಿಗೆ ಒಪ್ಪದ ತೋಟಕ್ಕೆ ಎರಡನೆಯದರ ಫಲವಿಲ್ಲ. ತಾವು ದ್ರಾಕ್ಷಾಬಳ್ಳಿ, ನಾವು ಕವಲುಗಳು ಎಂದು ಯೇಸುಸ್ವಾಮಿಯವರು ಹೇಳಿದುದರ ಅರ್ಥವನ್ನು ನಮ್ಮ ರೈತರಿಗೆ ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ.

ದೇವರು ಯಾರನ್ನೂ ಬಲವಂತ ಮಾಡುವುದಿಲ್ಲ. ನಜರೇತಿನ ಕನ್ಯೆ ಮರಿಯಳ ಒಪ್ಪಿಗೆಗಾಗಿಯೂ ಅವರು ಕಾದರು. ಆ ಐಶ್ವರ್ಯವಂತ ಯುವಕನು ದುಃಖದಿಂದ ಹಿಂದಿರುಗಿದಾಗ ಯೇಸುವು ಆತನನ್ನು ತಡೆಯಲಿಲ್ಲ. ಆದರೆ ಪ್ರೀತಿಯಿಂದ ನೋಡಿದರು. ಓಡಿಹೋದ ಯೋನನನ್ನೂ ಎರಡನೆಯ ಬಾರಿ ಕರೆದರು. ಆದುದರಿಂದ ಹಿಂದೆ ಬೆನ್ನು ತಿರುಗಿಸಿದವರೂ ನಿರಾಶರಾಗಬೇಕಾಗಿಲ್ಲ.

ಪ್ರಿಯರೇ, ಈ ಶತಮಾನೋತ್ಸವದ ಕಾಣಿಕೆಯಾಗಿ ಎರಡು ಸಂಕಲ್ಪಗಳನ್ನು ಮಾಡೋಣ. 'ಆಮೇಲೆ' ಎಂದು ಮುಂದಕ್ಕೆ ತಳ್ಳಿದ ಒಂದು ಸತ್ಕಾರ್ಯವನ್ನು ಈ ವಾರವೇ ಕೈಗೊಳ್ಳೋಣ. ಮನೆಯ ಮಕ್ಕಳಲ್ಲಿ ಒಬ್ಬರು ದೇವರ ಕರೆಯ ಮಾತೆತ್ತಿದರೆ ನಗದೆ, ಗದರದೆ, ಅವರೊಡನೆ ಮೊಣಕಾಲೂರಿ ಪ್ರಾರ್ಥಿಸೋಣ. ಮುಂದಿನ ನೂರು ವರ್ಷ ಈ ಗಂಟೆಯನ್ನು ಬಾರಿಸುವ ಕೈಗಳು ನಮ್ಮ ಮನೆಗಳಿಂದಲೇ ಬರಬೇಕು. ಅದಕ್ಕೆ ಬೇಕಾದ ಕೃಪೆಯನ್ನು ಮಾತೆ ಮರಿಯಮ್ಮನವರ ಬಿನ್ನಹದ ಮೂಲಕ ದೇವರು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.