ಒಂದು ಗಾಯ, ನಾಲ್ಕು ಬಾಗಿಲು

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ ಗಂಟಲು ಒಣಗಿಸಿಕೊಂಡವಳು ನಾನು. ಇವತ್ತು ಪಾಠ ಹೇಳುವುದಿಲ್ಲ. ಒಂದು ಕೈ ಮುರಿದ ಸಂಗತಿ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಎಡಗೈ ಮುರಿಯಿತು. ಮುರಿದದ್ದು ಅಲ್ಲ, ಮುರಿದರು. ಮದುವೆಯಲ್ಲಿ ಒಪ್ಪಿಕೊಂಡ ಬೈಕಿನ ಹಣ ತವರಿನಿಂದ ಬಂದಿರಲಿಲ್ಲ. ಆಸ್ಪತ್ರೆಗೆ ಕರೆತಂದವನೂ ಗಂಡನೇ. ತುರ್ತು ವಿಭಾಗದಲ್ಲಿ ವೈದ್ಯರು "ಏನಾಯ್ತಮ್ಮ?" ಎಂದು ಕೇಳಿದಾಗ ಪಕ್ಕದಲ್ಲಿ ನಿಂತಿದ್ದ ಆತ "ಬಚ್ಚಲಲ್ಲಿ ಜಾರಿ ಬಿದ್ಲು" ಎಂದ. ಇವಳು ತಲೆಯಾಡಿಸಿದಳು. ವೈದ್ಯರು ಹಾಗೆಯೇ ಬರೆದುಕೊಂಡರು. ಮೂಳೆ ಚೆನ್ನಾಗಿಯೇ ಕೂಡಿತು, ಆ ಮಟ್ಟಿಗೆ ವೈದ್ಯರನ್ನು ದೂರುವಂತಿಲ್ಲ.

ಮೂರು ತಿಂಗಳ ಮೇಲೆ ಅವಳು ನನ್ನ ಮನೆಗೆ ಬಂದಳು. "ಮೇಡಂ, ಇನ್ನು ಆಗಲ್ಲ" ಎಂದಳು. ಇಬ್ಬರೂ ಹೊರಟೆವು. ಠಾಣೆಯಲ್ಲಿ ಆಸ್ಪತ್ರೆಯ ಕಾಗದ ತನ್ನಿ ಎಂದರು. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಠಾಣೆಯ ಪತ್ರ ತನ್ನಿ ಎಂದರು. ಸಂರಕ್ಷಣಾಧಿಕಾರಿಯ ಕಚೇರಿಯಲ್ಲಿ ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ನಾಳೆ ಬನ್ನಿ ಎಂದರು. ಉಚಿತ ಕಾನೂನು ನೆರವಿನವರು ಪುರಾವೆ ಏನಿದೆ ಎಂದು ಕೇಳಿದರು. ನಾಲ್ಕು ಬಾಗಿಲು, ನಾಲ್ಕು ದಿನ. ಅಂಗಡಿಯ ಕೆಲಸದಲ್ಲಿದ್ದ ಅವಳಿಗೆ ನಾಲ್ಕು ದಿನದ ಸಂಬಳ ಹೋಯಿತು. ಪ್ರತಿ ಮೇಜಿನ ಮುಂದೆಯೂ ಮೊದಲಿನಿಂದ ಹೇಳಬೇಕು: ಯಾವಾಗ ಮದುವೆ, ಏನು ಕೊಟ್ಟಿರಿ, ಯಾಕೆ ಹೊಡೆದ, ನೀನೇನು ಅಂದೆ. ಮೂರನೆಯ ಸಲಕ್ಕೆ ಅವಳ ದನಿ ಪಾಠ ಒಪ್ಪಿಸುವ ಹುಡುಗಿಯ ದನಿಯಂತಾಗಿತ್ತು. ಕಡೆಗೆ ಸಿಕ್ಕಿದ ಕಾಗದದಲ್ಲಿ ಇದ್ದದ್ದಾದರೂ ಏನು? "ಬಚ್ಚಲಲ್ಲಿ ಜಾರಿ ಬಿದ್ದು ಗಾಯ."

ಎಲ್ಲರೂ ಅವರವರ ಕೆಲಸ ಮಾಡಿದ್ದರು ಎನ್ನಿ. ಆದರೆ ಮುರಿದ ಕೈ ಆರೋಗ್ಯ ಇಲಾಖೆಗೆ, ಹೊಡೆತ ಪೊಲೀಸರಿಗೆ, ಕಣ್ಣೀರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಎಂದು ಹೆಣ್ಣನ್ನು ಹಂಚಿಕೊಂಡರೆ, ಆ ಹೆಣ್ಣು ಇಡಿಯಾಗಿ ಯಾರಿಗೆ ಸೇರಿದವಳು?

ಕಾನೂನು ಹೀಗೆ ಹೇಳುವುದಿಲ್ಲ, ಗಮನಿಸಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ನೊಂದ ಮಹಿಳೆಗೆ ವೈದ್ಯಕೀಯ ನೆರವು ಕೊಡಲೇಬೇಕು ಎನ್ನುತ್ತದೆ ಅದರ 7ನೇ ಕಲಮು. ಅದರ ನಿಯಮಗಳು ಇನ್ನೂ ಮುಂದೆ ಹೋಗುತ್ತವೆ. ದೌರ್ಜನ್ಯದ ವರದಿ ಮೊದಲೇ ಆಗಿಲ್ಲ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ವರದಿ ಆಗಿರದಿದ್ದರೆ ಆಸ್ಪತ್ರೆಯವರೇ ಆ ನಮೂನೆ ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು. ವೈದ್ಯಕೀಯ ವರದಿಯ ಪ್ರತಿಯನ್ನು ಆಕೆಗೆ ಹಣ ಪಡೆಯದೆ ಕೊಡಬೇಕು. ಸಂರಕ್ಷಣಾಧಿಕಾರಿಯ ಬಳಿ ಆ ಪ್ರದೇಶದ ಆಸ್ಪತ್ರೆ, ಆಶ್ರಯಧಾಮ, ಆಪ್ತಸಲಹೆ, ಕಾನೂನು ನೆರವುಗಳ ಪಟ್ಟಿ ಇರಬೇಕು. ಅಂದರೆ ಕಾಗದ ತಿರುಗಬೇಕಾದದ್ದು ಕಚೇರಿಯಿಂದ ಕಚೇರಿಗೆ, ಹೆಣ್ಣಲ್ಲ. ಇದು ಗೊತ್ತಿದ್ದರೆ ಅಂದು ದಾಖಲೆ ವಿಭಾಗದ ಮುಂದೆ ಅಷ್ಟು ಹೊತ್ತು ಕೈಕಟ್ಟಿ ನಿಲ್ಲುತ್ತಿರಲಿಲ್ಲ. ಎಂ.ಎ. ಮಾಡಿದ ನನಗೇ ಗೊತ್ತಿರಲಿಲ್ಲ.

ಮುಂಬಯಿಯಲ್ಲಿ ಈ ಕಾಯ್ದೆಗೂ ಮೊದಲೇ ಒಂದು ದಾರಿ ಹುಡುಕಿದ್ದರು. ಬಾಂದ್ರಾದ ಭಾಭಾ ಆಸ್ಪತ್ರೆ ಮಹಾನಗರ ಪಾಲಿಕೆಯದು. 2000ದಲ್ಲಿ ಪಾಲಿಕೆಯೂ ಸೆಹತ್ ಎಂಬ ಸಂಸ್ಥೆಯೂ ಸೇರಿ ಅಲ್ಲಿ 'ದಿಲಾಸಾ' ಎಂಬ ವಿಭಾಗ ತೆರೆದರು. ದಿಲಾಸಾ ಎಂದರೆ ಸಾಂತ್ವನ. ಎಲುಬಿನ ವಿಭಾಗ, ಹೆರಿಗೆ ವಿಭಾಗ ಇದ್ದ ಹಾಗೆಯೇ ಇದೂ ಒಂದು. ಗಾಯ ನೋಡಿ ಅನುಮಾನಿಸುವುದನ್ನೂ ಒರಟಾಗದೆ ಕೇಳುವುದನ್ನೂ ದಾದಿಯರಿಗೆ, ವೈದ್ಯರಿಗೆ ಕಲಿಸಿದರು. ಅದೇ ಕಟ್ಟಡದಲ್ಲಿ ಆಪ್ತಸಲಹೆ. ಆ ರಾತ್ರಿ ಮನೆಗೆ ಹೋಗಲು ಹೆದರುವವಳನ್ನು ನಿಗಾದಲ್ಲಿಡುವ ನೆಪದಲ್ಲಿ ವಾರ್ಡಿಗೇ ಸೇರಿಸಿಕೊಳ್ಳುವ ಉಪಾಯವೂ ಇತ್ತು. ನನಗೆ ತುಂಬ ಹಿಡಿಸಿದ್ದು ಇದೇ. ಆಸ್ಪತ್ರೆಗೆ ಹೋಗುತ್ತೇನೆ ಎಂದರೆ ಅತ್ತೆಯೂ ಬೇಡವೆನ್ನಲಾರಳು, ಠಾಣೆಗೆ ಹೋಗುತ್ತೇನೆ ಎಂದು ನೋಡಿ!

ನಮ್ಮಲ್ಲಿ 2015ರಿಂದ ಕೇಂದ್ರ ಸರ್ಕಾರದ 'ಸಖಿ' ಏಕ ನಿಲುಗಡೆ ಕೇಂದ್ರಗಳ ಯೋಜನೆ ಇದೆ. ಚಿಕಿತ್ಸೆ, ಪೊಲೀಸ್ ನೆರವು, ವಕೀಲರ ಸಲಹೆ, ಆಪ್ತಸಲಹೆ, ಕೆಲವು ದಿನದ ತಂಗುದಾಣ ಒಂದೇ ಸೂರಿನಡಿ ಸಿಗಬೇಕು, ಆ ಸೂರು ಆಸ್ಪತ್ರೆಯಲ್ಲೇ ಅಥವಾ ಅದರ ಹತ್ತಿರವೇ ಇರಬೇಕು ಎಂಬುದು ಉದ್ದೇಶ. 181ಕ್ಕೆ ಫೋನ್ ಮಾಡಿದರೆ ಮಹಿಳಾ ಸಹಾಯವಾಣಿ ಸಿಗುತ್ತದೆ. ಆದರೆ ಜಿಲ್ಲಾ ಕೇಂದ್ರದ ಸೂರು ನಮ್ಮ ಹೋಬಳಿಯ ಹೆಣ್ಣಿಗೆ ಎರಡು ಬಸ್ಸು ಆಚೆ. ಅವಳಿಗೆ ಹತ್ತಿರ ಇರುವವರು ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿ. ಮತ್ತೆ ನೀವು. ಕೊಂಡಿ ಇಲ್ಲಿಂದಲೇ ಶುರುವಾಗಬೇಕು.

ಒಂದು ಎಚ್ಚರಿಕೆ. ಸೇವೆಗಳನ್ನು ಜೋಡಿಸುವುದು ಎಂದರೆ ಅವಳ ಗುಟ್ಟನ್ನು ಊರಿಗೆಲ್ಲ ಹಂಚುವುದಲ್ಲ. ಆಸ್ಪತ್ರೆಯಲ್ಲಿ ಹೇಳಿದ ಮಾತು ಸಂಜೆಗೆ ಗಂಡನ ಕಿವಿ ಮುಟ್ಟಿದರೆ ಮುಂದಿನ ಸಲ ಅವಳು ಬಾಯಿ ಬಿಡುವುದಿಲ್ಲ, ಅಥವಾ ಮುಂದಿನ ಸಲ ಅವಳೇ ಇರುವುದಿಲ್ಲ. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂದು ಅವಳನ್ನೇ ಕೇಳಿ. ಸಂಘದ ಸಭೆಯಲ್ಲಿ ಹಪ್ಪಳ ಒತ್ತುತ್ತಾ ಆಡುವ ವಿಷಯ ಇದಲ್ಲ.

ನೀವು ಪಾಸ್‌ಬುಕ್ಕು, ಠರಾವು ಪುಸ್ತಕ ಇಟ್ಟು ಬಲ್ಲವರು. ಹತ್ತು ರೂಪಾಯಿ ತಪ್ಪಿದರೆ ಎದ್ದು ಕೇಳುವವರು. (ಅದೇ ಸಂಘದ ಸಾಲ ಮಗಳ ವರದಕ್ಷಿಣೆಗೆ ಹೋದಾಗ ಮಾತ್ರ ಯಾರೂ ಏಳುವುದಿಲ್ಲ. ಅದು ಇನ್ನೊಂದು ದಿನದ ಮಾತು.) ಆ ಲೆಕ್ಕದ ಬುದ್ಧಿ ಇಲ್ಲೂ ಬೇಕು. ಜೊತೆಗೆ ಒಬ್ಬಳು ಹೋಗಲಿ, ಪ್ರತಿಸಲವೂ ಅವಳೇ ಹೋಗಲಿ. ಚೀಟಿಯಲ್ಲಿ ಏನು ಬರೆದರು ಎಂದು ಹೊರಡುವ ಮುನ್ನ ಓದಿಸಿ ಕೇಳಲಿ. ತಾರೀಕು, ಎದುರಿಗಿದ್ದವರ ಹುದ್ದೆ, ಅವರು ಹೇಳಿದ ಮಾತು ಗುರುತು ಹಾಕಿಕೊಳ್ಳಲಿ. ಕಾಗದಗಳು ಗಂಡನ ಮನೆಯ ಪೆಟ್ಟಿಗೆಯಲ್ಲಿ ಉಳಿಯುವುದು ಬೇಡ.

ನನ್ನ ವಿದ್ಯಾರ್ಥಿನಿಯ ಮಾತು ಮುಗಿಸುತ್ತೇನೆ. ಹಿರಿಯರು ರಾಜಿ ಮಾಡಿಸಿ ಅವಳನ್ನು ಮತ್ತೆ ಕಳಿಸಿದ್ದರು. ಎರಡನೆಯ ಸಲ ಕಿವಿಯಿಂದ ರಕ್ತ ಸುರಿಯುತ್ತಾ ಬೇರೊಂದು ಆಸ್ಪತ್ರೆಗೆ ಬಂದಳು. ಆಗಲೂ ಗಂಡ ಜೊತೆಯಲ್ಲಿದ್ದ, ಆಗಲೂ ಬಚ್ಚಲು ಎಂದ. ಅಲ್ಲಿದ್ದ ದಾದಿ, ನಡುವಯಸ್ಸಿನಾಕೆ, ಅವನ ಕೈಗೆ ಒಂದು ಚೀಟಿ ಕೊಟ್ಟು "ಇದಕ್ಕೆ ಕೆಳಗಡೆ ಸೀಲ್ ಹಾಕಿಸಿಕೊಂಡು ಬನ್ನಿ" ಎಂದು ಕಳಿಸಿದಳು. ಪರದೆ ಎಳೆದು, "ಈಗ ಹೇಳು ತಾಯಿ, ಯಾರು ಹೊಡೆದದ್ದು?" ಎಂದಳು.

ಆ ವರದಿಯ ಒಂದು ಪ್ರತಿ ನನ್ನ ಬೀರುವಿನಲ್ಲಿದೆ. ಇನ್ನೊಂದು ನ್ಯಾಯಾಲಯದಲ್ಲಿದೆ.